ನಾಯಿ ಕುಂಟಿದರೆ ಮೊದಲು ನಡೆ ನೋಡಿ, ಎಕ್ಸ್‌ರೇ ಆಮೇಲೆ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಸಾಕುಪ್ರಾಣಿ ಅಂಕಣದಲ್ಲಿ ಓದುಗರೊಬ್ಬರು ಕೇಳಿದ ಪ್ರಶ್ನೆ ನೋಡಿದೆ. ಅವರ ಏಳು ವರ್ಷದ ನಾಯಿ ಎರಡು ತಿಂಗಳಿಂದ ಹಿಂಗಾಲು ಕುಂಟುತ್ತಿದೆಯಂತೆ. ಉತ್ತರ ನಾಲ್ಕೇ ಸಾಲು. ವಯಸ್ಸಾಗಿದೆ, ಕೀಲು ಸವೆದಿರಬಹುದು, ನೋವಿನ ಮಾತ್ರೆ ಕೊಟ್ಟು ನೋಡಿ, ಕಡಿಮೆಯಾಗದಿದ್ದರೆ ಎಕ್ಸ್‌ರೇ ತೆಗೆಸಿ. ಓದಿ ಮೈ ಉರಿಯಿತು. ಯಾಕೆಂದರೆ ಹೆಚ್ಚುಕಡಿಮೆ ಇದೇ ನಾಲ್ಕು ಸಾಲನ್ನು ನಂಬಿಕೊಂಡು ನಾನು ಐದು ತಿಂಗಳು ಕಳೆದಿದ್ದೇನೆ. ನಾನು ಕಳೆದೆ ಅನ್ನುವುದೂ ತಪ್ಪು. ಕಳೆದವಳು ನಮ್ಮ ಕೆಂಚಿ, ಮೂರು ಕಾಲಿನ ಮೇಲೆ.

ಉತ್ತರ ಬರೆದವರನ್ನು ಬೈಯುವುದಕ್ಕೆ ಈ ಪತ್ರ ಅಲ್ಲ. ನಾಲ್ಕು ಸಾಲಿನ ಜಾಗದಲ್ಲಿ ಅವರಾದರೂ ಏನು ಹೇಳಿಯಾರು? ಆದರೆ ಕುಂಟು ಅನ್ನೋದು ಒಂದು ರೋಗದ ಹೆಸರಲ್ಲ. ಜ್ವರ ಇದ್ದ ಹಾಗೆ ಅದು. ಹಿಂದೆ ಏನಿದೆ ಅಂತ ಹುಡುಕಬೇಕು. ಆ ಹುಡುಕಾಟದಲ್ಲಿ ಅರ್ಧ ಕೆಲಸ ಡಾಕ್ಟರದ್ದಲ್ಲ, ಮನೆಯವರದ್ದು. ಇದನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೆಂಚಿಗೆ ಆಗ ಆರು ವರ್ಷ, 28 ಕಿಲೋ ತೂಕ. ಜಾತಿ ಅಂತೇನಿಲ್ಲ, ಬೆರಕೆ. ಒಂದು ಬೆಳಿಗ್ಗೆ ಮಲಗಿದ್ದವಳು ಎದ್ದು ಬಂದಾಗ ಬಲ ಹಿಂಗಾಲನ್ನು ಪೂರ್ತಿ ಊರಲಿಲ್ಲ, ಬೆರಳ ತುದಿಯಲ್ಲಿ ಮುಟ್ಟಿಸಿ ಮೂರು ಹೆಜ್ಜೆ ಹಾಕಿ ಆಮೇಲೆ ಏನೂ ಆಗದವಳ ಹಾಗೆ ಓಡಿಹೋದಳು. ಬಿದ್ದಿರಲಿಲ್ಲ, ಏಟು ತಿಂದಿರಲಿಲ್ಲ. ಕಾಲು ಜೋಮು ಹಿಡಿದಿರಬೇಕು ಅಂದುಕೊಂಡೆವು. ಎರಡು ದಿನ ಬಿಟ್ಟು ಮತ್ತೆ ಅದೇ. ಒಂದು ವಾರ ಓಡಾಟ ನಿಲ್ಲಿಸಿದೆವು, ಸರಿಹೋಯಿತು. ಬಿಟ್ಟೆವು, ಮತ್ತೆ ಬಂತು. ಹೀಗೆ ಬಂದು ಹೋಗಿ ಮಾಡುವ ಕುಂಟು ಇದೆಯಲ್ಲ, ಅದೇ ಜಾಸ್ತಿ ಮೋಸ ಮಾಡುವುದು. ಸರಿಹೋದಾಗಲೆಲ್ಲ ಗುಣವಾಯಿತು ಅನ್ನಿಸುತ್ತದೆ.

ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಅಲ್ಲಿ ಕಾಲಿಟ್ಟಿದ್ದೇ ತಡ, ಕೆಂಚಿ ಕುಂಟುವುದನ್ನೇ ಬಿಟ್ಟಳು! ನಮಗೆ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ಹೊಸ ಜಾಗ, ಬೇರೆ ನಾಯಿಗಳ ವಾಸನೆ, ಭಯ, ಇದೆಲ್ಲ ಸೇರಿ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಸಣ್ಣಪುಟ್ಟ ನೋವು ಮುಚ್ಚಿಹೋಗುತ್ತದೆ. ಜನ ತುಂಬಿದ್ದರು, ಡಾಕ್ಟರಿಗೂ ಪುರುಸೊತ್ತಿರಲಿಲ್ಲ. ಮೇಜಿನ ಮೇಲೆ ನಿಲ್ಲಿಸಿ ಕಾಲನ್ನು ಅಲ್ಲಿ ಇಲ್ಲಿ ಒತ್ತಿದರು, ಐದು ದಿನದ ನೋವಿನ ಮಾತ್ರೆ ಬರೆದರು. ಐದೂ ದಿನ ಕುಂಟಲಿಲ್ಲ. ಏಳನೇ ದಿನ ಮತ್ತೆ ಶುರು.

ಮುಂದಿನ ಸಲ ಎಕ್ಸ್‌ರೇ ಆಯಿತು. ಸೊಂಟದ್ದು. ಅದರಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಒಂದು ದೋಷ ಸಿಕ್ಕಿತು. ತೊಡೆ ಮೂಳೆಯ ಗುಂಡು ತಲೆ ಕೂರಬೇಕಾದ ಬಟ್ಟಲು ಆಳವಾಗಿರಲಿಲ್ಲ, ಅಂಚಿನಲ್ಲಿ ಮೂಳೆ ಬೆಳೆದಿತ್ತು. ಹಿಪ್ ಡಿಸ್‌ಪ್ಲಾಸಿಯಾ ಅಂದರು. ನಿಜ ಹೇಳಬೇಕೆಂದರೆ ನಮಗೆ ಸಮಾಧಾನವೇ ಆಯಿತು. ಕೊನೆಗೂ ಒಂದು ಹೆಸರು ಸಿಕ್ಕಿತಲ್ಲ! ಕೀಲಿಗೆ ಅಂತ ಪುಡಿ, ಮಾತ್ರೆ, ಮೆತ್ತನೆ ಹಾಸಿಗೆ, ಮೆಟ್ಟಿಲು ಹತ್ತಿಸಬೇಡಿ ಅನ್ನುವ ಪಥ್ಯ, ಎಲ್ಲ ಮಾಡಿದೆವು. ಮೂರು ತಿಂಗಳು ಮಾಡಿದೆವು.

ಈಗ ಆ ಎಕ್ಸ್‌ರೇ ನೋಡಿದರೆ ನನಗೇ ನಗು ಬರುತ್ತದೆ, ಅಥವಾ ಅಳು. ಬಟ್ಟಲು ಎರಡೂ ಕಡೆ ಒಂದೇ ಥರ ಕೆಟ್ಟಿದೆ, ಆದರೆ ಕುಂಟುತ್ತಿದ್ದದ್ದು ಬಲಗಾಲು ಒಂದೇ. ಎರಡೂ ಸೊಂಟ ಸಮನಾಗಿ ಹಾಳಾಗಿದ್ದರೆ ಒಂದೇ ಕಾಲು ಯಾಕೆ ಎತ್ತುತ್ತಾಳೆ? ಈ ಪ್ರಶ್ನೆ ಡಾಕ್ಟರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ಸೊಂಟದ ದೋಷ ಬಹುಶಃ ಅವಳು ಮರಿಯಾಗಿದ್ದಾಗಿಂದ ಇತ್ತು. ಅದನ್ನು ಇಟ್ಟುಕೊಂಡೇ ಆರು ವರ್ಷ ಕುಣಿದಾಡಿದ್ದಳು. ಎಕ್ಸ್‌ರೇಯಲ್ಲಿ ಸವೆತ ಕಂಡಿತು ಅಂದ ಮಾತ್ರಕ್ಕೆ ಇವತ್ತಿನ ನೋವು ಅಲ್ಲಿಂದಲೇ ಬಂತು ಅಂತಲ್ಲ. ಚಿತ್ರದಲ್ಲಿ ಭಯಂಕರವಾಗಿ ಕಾಣುವ ಕೀಲಿನ ನಾಯಿ ಆರಾಮಾಗಿ ಓಡಬಹುದು, ಚಿತ್ರದಲ್ಲಿ ಏನೂ ಕಾಣದ ನಾಯಿ ಕಾಲೇ ಊರದೆ ಇರಬಹುದು.

ಐದನೇ ತಿಂಗಳಲ್ಲಿ ಬೇರೆ ಪಶುವೈದ್ಯರ ಹತ್ತಿರ ಹೋದೆವು. ಅವರು ಮೊದಲ ಹತ್ತು ನಿಮಿಷ ಕೆಂಚಿಯನ್ನು ಮುಟ್ಟಲೇ ಇಲ್ಲ. ಹೊರಗೆ ಕರೆದುಕೊಂಡು ಹೋಗಿ, ಹಗ್ಗ ಸಡಿಲ ಬಿಟ್ಟು, ನಮ್ಮಿಂದ ದೂರ ನಡೆಸಿ, ನಮ್ಮ ಕಡೆಗೆ ನಡೆಸಿ, ಪಕ್ಕದಿಂದ ನೋಡಿ, ಆಮೇಲೆ ಸ್ವಲ್ಪ ಜೋರು ನಡಿಗೆಯಲ್ಲಿ, ಆಮೇಲೆ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದರು. ಇದೇನು ಪೆರೇಡಾ ಅಂತ ನನಗೆ ಒಳಗೊಳಗೇ ಅನ್ನಿಸಿತು. ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು. ಇವಳು ಮನೆಯಲ್ಲಿ ಹೇಗೆ ಕೂರುತ್ತಾಳೆ?

ಫೋನಿನಲ್ಲಿ ಫೋಟೋ ಇದ್ದವು, ತೆಗೆದು ತೋರಿಸಿದೆ. ಒಂದಲ್ಲ, ಹತ್ತಾರು. ಎಲ್ಲದರಲ್ಲೂ ಕೆಂಚಿ ಬಲಗಾಲನ್ನು ಪಕ್ಕಕ್ಕೆ ಚಾಚಿ ಒರಗಿಕೊಂಡು ಕೂತಿದ್ದಾಳೆ. ಮಹಾರಾಣಿ ಕೂತ ಹಾಗೆ ಅಂತ ನಾವು ಮುದ್ದು ಮಾಡಿ ಎಲ್ಲರಿಗೂ ಕಳಿಸಿದ್ದ ಫೋಟೋಗಳವು. ಮಂಡಿ ನೋಯುವ ನಾಯಿ ಮಂಡಿಯನ್ನು ಪೂರ್ತಿ ಮಡಚಿ ನೆಟ್ಟಗೆ ಕೂರಲಾರದು, ಕಾಲು ಹೊರಗೆ ಚಾಚುತ್ತದೆ. ಉತ್ತರ ಕುಂಟು ಶುರುವಾಗುವ ಮೊದಲಿನಿಂದಲೂ ನನ್ನ ಜೇಬಿನಲ್ಲೇ ಇತ್ತು!

ಆಮೇಲೆ ಅವರು ಹಿಂದೆ ನಿಂತು ಎರಡೂ ತೊಡೆಯನ್ನು ಎರಡು ಕೈಯಲ್ಲಿ ಒಟ್ಟಿಗೆ ಹಿಡಿದು ನೋಡಿದರು. ಟೇಪು ತೆಗೆದು ಅಳೆದರು. ಬಲಗಡೆ ಎರಡು ಸೆಂಟಿಮೀಟರ್ ಸಣ್ಣ. ಬಳಸದ ಕಾಲಿನ ಮಾಂಸ ಕರಗುತ್ತದೆ, ಕುಂಟುವುದನ್ನು ನಾಯಿ ಎಷ್ಟು ಮುಚ್ಚಿಟ್ಟರೂ ತೊಡೆ ಸುಳ್ಳು ಹೇಳುವುದಿಲ್ಲ. ಆಮೇಲೆ ಉಗುರಿನಿಂದ ಶುರು ಮಾಡಿ ಒಂದೊಂದೇ ಕೀಲು ಮಡಚಿ ಬಿಡಿಸಿ ಮೇಲಕ್ಕೆ ಬಂದರು. ಮೊದಲು ಚೆನ್ನಾಗಿರುವ ಕಾಲು, ಆಮೇಲೆ ನೋವಿನ ಕಾಲು. ಮೊದಲೇ ನೋವಿನ ಜಾಗ ಒತ್ತಿದರೆ ಆಮೇಲೆ ಎಲ್ಲಿ ಮುಟ್ಟಿದರೂ ಬೆಚ್ಚಿಬೀಳುತ್ತವಂತೆ. ಸೊಂಟ ಪೂರ್ತಿ ಹಿಂದಕ್ಕೆ ಎಳೆದಾಗ ಕೆಂಚಿ ಸುಮ್ನೆ ಇದ್ದಳು. ಮಂಡಿ ಪೂರ್ತಿ ಬಿಡಿಸಿದಾಗ ತಿರುಗಿ ಅವರ ಕೈಯನ್ನು ನೆಕ್ಕಿದಳು. ಕಚ್ಚಲಿಲ್ಲ, ಕಿರುಚಲಿಲ್ಲ, ನೆಕ್ಕಿದಳು ಅಷ್ಟೇ. ಇಲ್ಲೇ ಇದೆ ಅಂದರು. ಮಂಡಿಯ ಒಳಬದಿ ಗಟ್ಟಿಯಾಗಿ ದಪ್ಪಗಾಗಿತ್ತು. ಅದು ನಿನ್ನೆ ಮೊನ್ನೆಯದಲ್ಲ, ತಿಂಗಳುಗಟ್ಟಲೆ ಅಲುಗಾಡುವ ಕೀಲನ್ನು ಮೈ ತಾನೇ ಕಟ್ಟಿ ಹಿಡಿಯಲು ನೋಡಿದ ಗುರುತು.

ಆಮೇಲೆ ಮಂಪರು ಔಷಧ ಕೊಟ್ಟು ಡ್ರಾಯರ್ ಟೆಸ್ಟ್ ಮಾಡಿದರು. ತೊಡೆ ಮೂಳೆಯನ್ನು ಒಂದು ಕೈಯಲ್ಲಿ, ಕೆಳಗಾಲಿನ ಮೂಳೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಮೇಜಿನ ಡ್ರಾಯರ್ ಎಳೆದ ಹಾಗೆ ಕೆಳಗಿನದನ್ನು ಮುಂದಕ್ಕೆ ಜಾರಿಸಿ ನೋಡುವುದು. ಮಂಡಿಯೊಳಗೆ ಈ ಎರಡು ಮೂಳೆಯನ್ನು ಕಟ್ಟಿ ಹಿಡಿಯುವ ಪಟ್ಟಿ, ಕ್ರೂಸಿಯೇಟ್ ಲಿಗಮೆಂಟ್ ಅನ್ನುತ್ತಾರೆ, ಅದು ಗಟ್ಟಿಯಾಗಿದ್ದರೆ ಜಾರುವುದಿಲ್ಲ. ಕೆಂಚಿಯದ್ದು ಮಂಡಿ ಮಡಚಿದಾಗ ಸ್ವಲ್ಪ ಜಾರಿತು, ಬಿಡಿಸಿದಾಗ ಇಲ್ಲ. ಅಂದರೆ ಅರ್ಧ ಹರಿದಿದೆ. ಮೊದಲನೇ ಕ್ಲಿನಿಕ್ಕಿನಲ್ಲೂ ಮಂಡಿ ಅಲುಗಿಸಿ ನೋಡಿದ್ದರು, ಆದರೆ ಎಚ್ಚರವಿದ್ದ ನಾಯಿ ಭಯಕ್ಕೆ ಮಾಂಸ ಬಿಗಿಹಿಡಿದರೆ, ಅದರಲ್ಲೂ ಅರ್ಧ ಮಾತ್ರ ಹರಿದಿದ್ದರೆ, ಕೈಗೆ ಸಿಗದೇ ಹೋಗುತ್ತದೆ. ಅವರದ್ದೇ ಪೂರ್ತಿ ತಪ್ಪು ಅನ್ನಲಾರೆ. ಮಂಡಿಯ ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣಲಿಲ್ಲ, ಅದು ಎಕ್ಸ್‌ರೇಗೆ ಕಾಣುವ ವಸ್ತುವೇ ಅಲ್ಲ. ಕಂಡದ್ದು ಕೀಲಿನಲ್ಲಿ ತುಂಬಿದ್ದ ನೀರು, ಅದು ಮುಂದಿನ ಕೊಬ್ಬಿನ ತುಣುಕನ್ನು ಒತ್ತಿ ಜರುಗಿಸಿದ್ದು, ಅಷ್ಟೇ. ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಅಷ್ಟು ಸಾಕು.

ಮನುಷ್ಯರಲ್ಲಿ ಇದೇ ಲಿಗಮೆಂಟ್ ಆಟವಾಡುವಾಗ ಒಂದೇ ಏಟಿಗೆ ಹರಿಯುವುದು ಜಾಸ್ತಿ. ನಾಯಿಗಳಲ್ಲಿ ಹಾಗಲ್ಲ. ಬಹಳಷ್ಟು ಸಲ ಹಗ್ಗದ ಎಳೆ ಒಂದೊಂದೇ ಕಿತ್ತು ಬರುವ ಹಾಗೆ ತಿಂಗಳುಗಟ್ಟಲೆ ಸವೆದು ಹರಿಯುತ್ತದೆ. ಅದಕ್ಕೇ ಬಂದು ಹೋಗುವ ಕುಂಟು. ಅದಕ್ಕೇ ಬಿದ್ದ ನೆನಪಿಲ್ಲ, ಏಟಿನ ನೆನಪಿಲ್ಲ.

ಇಷ್ಟು ಹೇಳಿದ ಮೇಲೆ, ಕುಂಟುವ ನಾಯಿಗಳದ್ದೆಲ್ಲ ಮಂಡಿಯೇ ಅಂತ ಯಾರೂ ತಿಳಿಯಬಾರದು. ಹಾಗೆ ತಿಳಿದರೆ ನಿಮ್ಮ ಅಂಕಣದ ಉತ್ತರಕ್ಕೂ ನನ್ನ ಪತ್ರಕ್ಕೂ ವ್ಯತ್ಯಾಸವೇ ಇರುವುದಿಲ್ಲ. ವಯಸ್ಸು, ಗಾತ್ರ, ಯಾವ ಕಾಲು, ಯಾವ ಹೊತ್ತಿನಲ್ಲಿ ಜಾಸ್ತಿ, ಇವುಗಳ ಮೇಲೆ ದಾರಿ ಬದಲಾಗುತ್ತದೆ. ಸಣ್ಣ ಜಾತಿಯ ನಾಯಿ ನಡೆಯುತ್ತಾ ನಡೆಯುತ್ತಾ ಎರಡು ಹೆಜ್ಜೆ ಹಿಂಗಾಲು ಎತ್ತಿ ಕುಪ್ಪಳಿಸಿ ಮತ್ತೆ ಸರಿ ನಡೆದರೆ ಮಂಡಿಚಿಪ್ಪು ಜಾರುತ್ತಿರಬಹುದು. ದೊಡ್ಡ ಜಾತಿಯ ಮರಿ, ಐದರಿಂದ ಹದಿನೆಂಟು ತಿಂಗಳ ಒಳಗಿನದು, ಈ ವಾರ ಈ ಕಾಲು ಮುಂದಿನ ವಾರ ಇನ್ನೊಂದು ಕಾಲು ಅಂತ ಕುಂಟಿದರೆ ಪ್ಯಾನೊಸ್ಟೈಟಿಸ್ ಅನ್ನುವ ಮೂಳೆಯ ಉರಿಯೂತ ಇರಬಹುದು. ಅದು ಬೆಳೆದಂತೆ ತಾನೇ ಹೋಗುತ್ತದೆ. ಆದರೆ ಅದೇ ವಯಸ್ಸಿನಲ್ಲಿ ಒಂದೇ ಮುಂಗಾಲು ಬಿಡದೆ ಕುಂಟಿದರೆ ಮೊಣಕೈ ಅಥವಾ ಭುಜದ ಕೀಲಿನ ಬೆಳವಣಿಗೆಯ ದೋಷ ನೋಡಬೇಕು. ಅದು ತಾನೇ ಹೋಗುವಂಥದ್ದಲ್ಲ. ಮೊಣಕೈಯ ಒಳಗಿನ ಸಣ್ಣ ಬಿರುಕು ಎಷ್ಟೋ ಸಲ ಎಕ್ಸ್‌ರೇಗೆ ಸಿಗದೆ ಸಿಟಿ ಸ್ಕ್ಯಾನಿಗೆ ಸಿಗುತ್ತದೆ.

ಉಣ್ಣಿ ಕಡಿತದಿಂದ ಬರುವ ಕೆಲವು ಜ್ವರಗಳಲ್ಲೂ ಕೀಲು ಊದಿ ನಾಯಿ ಕುಂಟುತ್ತದೆ, ಅಂಥ ಕಡೆ ರಕ್ತ ಪರೀಕ್ಷೆ ಬೇಕು, ಕಾಲಿನ ಚಿತ್ರ ಅಲ್ಲ. ಕಾಲು ಎಳೆದು ಉಗುರಿನ ಮೇಲ್ಭಾಗ ಸವೆದಿದ್ದರೆ ತೊಂದರೆ ಕಾಲಿನಲ್ಲೇ ಇಲ್ಲದಿರಬಹುದು, ಬೆನ್ನಿನಲ್ಲೋ ಕುತ್ತಿಗೆಯಲ್ಲೋ ನರ ಒತ್ತಿರಬಹುದು.

ಒಂದನ್ನು ಮಾತ್ರ ಹೆದರಿಸಿಯೇ ಹೇಳಬೇಕು. ದೊಡ್ಡ ಜಾತಿಯ, ಮಧ್ಯವಯಸ್ಸು ದಾಟಿದ ನಾಯಿಯ ಕುಂಟು ದಿನೇದಿನೇ ಜಾಸ್ತಿಯಾಗುತ್ತಿದ್ದರೆ, ಅದರಲ್ಲೂ ಮುಂಗಾಲಿನ ಮಣಿಕಟ್ಟಿನ ಮೇಲೆ, ಭುಜದ ಹತ್ತಿರ ಅಥವಾ ಮಂಡಿಯ ಆಸುಪಾಸು ಗಟ್ಟಿ ಊತ ಇದ್ದರೆ, ಮೂಳೆಯ ಕ್ಯಾನ್ಸರ್ ಅಲ್ಲ ಅಂತ ಖಚಿತ ಮಾಡಿಕೊಳ್ಳುವವರೆಗೆ ಬೇರೆ ಮಾತಿಲ್ಲ. ಮೂಳೆಯ ಖನಿಜ 30ರಿಂದ 50 ಶೇಕಡಾ ಕರಗುವವರೆಗೂ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದೇ ಇರಬಹುದು. ಹಾಗಾಗಿ ಮೊದಲ ಚಿತ್ರ ಚೆನ್ನಾಗಿದೆ ಅಂತ ಸುಮ್ಮನಾಗದೆ ಎರಡು ಮೂರು ವಾರ ಬಿಟ್ಟು ಮತ್ತೆ ತೆಗೆಸಬೇಕಾಗುತ್ತದೆ. ವಯಸ್ಸಾಯಿತು, ಕೀಲು ಸವೆದಿದೆ ಅಂತ ಇಂಥ ನಾಯಿಗೆ ತಿಂಗಳುಗಟ್ಟಲೆ ಮಾತ್ರೆ ಕೊಡುತ್ತಾ ಕೂತರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಇಷ್ಟೆಲ್ಲ ದೊಡ್ಡ ಹೆಸರುಗಳ ನಡುವೆ ಪಾದ ನೋಡುವುದನ್ನೇ ಮರೆಯುವವರಿದ್ದಾರೆ. ಗೆಳೆಯರೊಬ್ಬರ ನಾಯಿಗೆ ಭುಜದ್ದು, ಮೊಣಕೈಯದ್ದು ಅಂತ ಎರಡು ಎಕ್ಸ್‌ರೇ ಆದ ಮೇಲೆ ಬೆರಳ ಸಂದಿಯಲ್ಲಿ ಒಂದು ಹುಲ್ಲಿನ ಮುಳ್ಳು ಸಿಕ್ಕಿತು. ಅದರ ಮೈಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಕೊಕ್ಕೆಗಳಿರುತ್ತವೆ, ಒಳಕ್ಕೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಟಾರ್ಚ್ ಹಿಡಿದು ಪ್ರತಿ ಬೆರಳು ಬಿಡಿಸಿ, ಉಗುರಿನ ಬುಡ, ಪಾದದ ಮೆತ್ತೆ ನೋಡುವುದಕ್ಕೆ ಐದು ನಿಮಿಷ ಬೇಕು. ಒಂದೇ ಜಾಗವನ್ನು ನಾಯಿ ಮತ್ತೆ ಮತ್ತೆ ನೆಕ್ಕುತ್ತಿದ್ದರೆ ಅಲ್ಲಿಂದಲೇ ಶುರು ಮಾಡಿ.

ನಡೆ ನೋಡುವುದು ಹೇಗೆ ಅಂತ ಆ ಡಾಕ್ಟರು ನನಗೆ ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಯಾವ ಕಾಲು ಅಂತಲೇ ತಪ್ಪು ಹೇಳುವವರು ಬಹಳ. ನಾಯಿಯ ಮೈಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲಿನ ಮೇಲೆ ಇರುತ್ತದೆ. ಮುಂಗಾಲು ನೋಯುತ್ತಿದ್ದರೆ ತಲೆ ನೋಡಿ. ನೋವಿನ ಕಾಲು ನೆಲ ಮುಟ್ಟುವಾಗ ತಲೆ ಮೇಲಕ್ಕೆ ಎತ್ತುತ್ತದೆ, ಚೆನ್ನಾಗಿರುವ ಕಾಲು ಊರುವಾಗ ತಲೆ ತಗ್ಗುತ್ತದೆ. ತಲೆ ತಗ್ಗಿದ ಕಡೆಯದೇ ನೋವಿನ ಕಾಲು ಅಂತ ಜನ ಉಲ್ಟಾ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಹಿಂಗಾಲಾದರೆ ಹಿಂದಿನಿಂದ ಸೊಂಟ ನೋಡಿ. ನೋವಿನ ಕಡೆಯ ಸೊಂಟ ಜಾಸ್ತಿ ಮೇಲೆ ಕೆಳಗೆ ಆಡುತ್ತದೆ. ಓಟದಲ್ಲಿ ಏನೂ ಕಾಣುವುದಿಲ್ಲ. ನಡಿಗೆಗೂ ಓಟಕ್ಕೂ ನಡುವಿನ ಕುಣಿನಡಿಗೆ ಇದೆಯಲ್ಲ, ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಕಣ್ಣಿಗೆ ಸಿಗದಿದ್ದರೆ ಫೋನಿನಲ್ಲಿ ಸ್ಲೋ ಮೋಷನ್ ಹಾಕಿ ತೆಗೆಯಿರಿ. ಬೆಳಿಗ್ಗೆ ಎದ್ದ ತಕ್ಷಣದ ಮೊದಲ ಹತ್ತು ಹೆಜ್ಜೆಯದ್ದು ಒಂದು, ತಿರುಗಾಡಿ ಬಂದ ಮೇಲಿನದ್ದು ಒಂದು. ಎದ್ದಾಗ ಬಿಗಿಯಾಗಿದ್ದು ನಡೆದಂತೆ ಸಡಿಲವಾದರೆ ಕೀಲಿನ ಸವೆತದ ಕಡೆಗೆ ಅನುಮಾನ ಹೋಗುತ್ತದೆ. ಕ್ಲಿನಿಕ್ಕಿನಲ್ಲಿ ನಾಯಿ ನಾಟಕ ಮಾಡಿದರೂ ಈ ವಿಡಿಯೋ ಇರುತ್ತದಲ್ಲ.

ಇನ್ನು ಮಾತ್ರೆಯ ವಿಷಯ. ನೋವಿನಲ್ಲಿ ಬಿಡಿ ಅಂತ ನಾನು ಹೇಳುತ್ತಿಲ್ಲ, ಅದು ಪಾಪ. ಮೊದಲು ನೋಡಿಸಿ, ವಿಡಿಯೋ ತೆಗೆದಿಟ್ಟುಕೊಂಡು, ಆಮೇಲೆ ಡಾಕ್ಟರು ಕೊಟ್ಟದ್ದನ್ನು ಕೊಡಿ ಅಂತ ಅಷ್ಟೇ. ಪರೀಕ್ಷೆಗೆ ಹೋಗುವ ಬೆಳಿಗ್ಗೆ ಮಾತ್ರೆ ನುಂಗಿಸಿ ಕರೆದುಕೊಂಡು ಹೋದರೆ ಡಾಕ್ಟರು ಏನು ಕಂಡುಹಿಡಿಯಬೇಕು? ನಿಲ್ಲಿಸಬೇಕೋ ಬೇಡವೋ ಅಂತ ಅವರನ್ನೇ ಮೊದಲು ಫೋನ್ ಮಾಡಿ ಕೇಳಿ. ಸ್ಟೀರಾಯ್ಡ್ ಇಂಜೆಕ್ಷನ್ ಇನ್ನೂ ತೊಂದರೆ. ನಾಯಿ ಮರುದಿನ ಕುಣಿಯುತ್ತದೆ, ನಾವು ಡಾಕ್ಟರನ್ನು ಹೊಗಳುತ್ತೇವೆ, ಆದರೆ ಕೀಲಿನ ನೀರು ತೆಗೆದು ಪರೀಕ್ಷಿಸಬೇಕಾದ ಕಾಯಿಲೆ ಇದ್ದರೆ ಅದರ ಗುರುತೇ ಅಳಿಸಿಹೋಗಿರುತ್ತದೆ. ಅದರ ಜೊತೆಗೆ ಉಳಿದ ನೋವಿನ ಮಾತ್ರೆಯನ್ನೂ ಸೇರಿಸಿ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ನಿಮ್ಮ ಅಂಕಣದಲ್ಲಿ ನೋವಿನ ಮಾತ್ರೆ ಅಂತ ಮಾತ್ರ ಬರೆದು ಯಾವುದು ಅಂತ ಬರೆದಿಲ್ಲ. ಓದಿದವರು ಮನೆಯಲ್ಲಿರುವ ತಮ್ಮ ಮಾತ್ರೆಯನ್ನೇ ತೆಗೆದು ಕೊಡುತ್ತಾರೆ, ಸಂಪಾದಕರೇ. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳು ಮಾಡುತ್ತವೆ. ದಯವಿಟ್ಟು ಇದೊಂದನ್ನಾದರೂ ಮುಂದಿನ ವಾರ ತಿದ್ದಿ ಹಾಕಿ.

ಎಕ್ಸ್‌ರೇ ಬೇಡ ಅಂತಲೂ ಅಲ್ಲ. ಎಲ್ಲಿ ನೋವು ಅಂತ ಕೈಯಿಂದ ಕಂಡುಕೊಂಡ ಮೇಲೆ ಆ ಜಾಗದ್ದು, ಎರಡು ಕೋನದಿಂದ, ಸಾಧ್ಯವಾದರೆ ಇನ್ನೊಂದು ಕಾಲಿನದ್ದೂ ಹೋಲಿಸಿ ನೋಡಲು ತೆಗೆಯಲಿ. ನಾಯಿ ಒದ್ದಾಡುತ್ತಾ ತೆಗೆದ ಓರೆ ಚಿತ್ರಕ್ಕಿಂತ ಮಂಪರು ಕೊಟ್ಟು ತೆಗೆದದ್ದು ಎಷ್ಟೋ ಮೇಲು. ಕಾಲು ಪೂರ್ತಿ ಊರದೇ ಇದ್ದರೆ, ಸೊಟ್ಟಗೆ ನೇತಾಡುತ್ತಿದ್ದರೆ, ಜ್ವರ ಇದ್ದರೆ ವಿಡಿಯೋಗೀಡಿಯೋ ಅಂತ ಕೂರಬೇಡಿ, ಅವತ್ತೇ ಓಡಿ. ಆದರೆ ಎರಡು ವಾರ ದಾಟಿದ, ಬಂದು ಹೋಗುವ ಕುಂಟಿಗೆ ಆತುರದ ಚಿತ್ರಕ್ಕಿಂತ ನಿಧಾನದ ಕೈ ಬೇಕು.

ಕೆಂಚಿಗೆ ಆಪರೇಷನ್ ಆಯಿತು. ಕೆಳಗಾಲಿನ ಮೂಳೆಯ ಮೇಲ್ಭಾಗ ಕತ್ತರಿಸಿ ತಿರುಗಿಸಿ ಪ್ಲೇಟ್ ಹಾಕಿದರು, ಲಿಗಮೆಂಟ್ ಇಲ್ಲದೆಯೂ ಮಂಡಿ ಮುಂದಕ್ಕೆ ಜಾರದ ಹಾಗೆ. ಒಳಗಿನ ಮೆತ್ತೆ, ಮೆನಿಸ್ಕಸ್ ಅನ್ನುತ್ತಾರಲ್ಲ, ಅದೂ ಒಂದು ಕಡೆ ಜಜ್ಜಿ ಹರಿದಿತ್ತು. ಬೇಗ ಬಂದಿದ್ದರೆ ಅದು ಉಳಿಯುತ್ತಿತ್ತಾ ಅಂತ ಕೇಳಿದೆ. ಡಾಕ್ಟರು ಒಳ್ಳೆಯವರು, ಹೇಳಲು ಬರುವುದಿಲ್ಲ ಅಂದರು. ಎಂಟು ವಾರ ಹಗ್ಗ ಬಿಚ್ಚಲಿಲ್ಲ, ಆಮೇಲಿನ ಎಕ್ಸ್‌ರೇಯಲ್ಲಿ ಮೂಳೆ ಕೂಡಿತ್ತು. 28 ಕಿಲೋ ಇದ್ದವಳನ್ನು 25ಕ್ಕೆ ಇಳಿಸಿದ್ದೇವೆ. ಅದಕ್ಕಾಗಿ ಅವಳು ನಮ್ಮನ್ನು ಇನ್ನೂ ಕ್ಷಮಿಸಿಲ್ಲ. ಸೊಂಟದ ಬಟ್ಟಲು ಈಗಲೂ ಹಾಗೇ ಇದೆ, ಅದಕ್ಕೆ ಯಾವ ಮಾತ್ರೆಯೂ ಇಲ್ಲ, ಕುಂಟೂ ಇಲ್ಲ.

ಒಂದು ಮಂಡಿ ಹೀಗೆ ಹೋದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಮಂಡಿಯೂ ಹೋಗುತ್ತದೆ. ಅದಕ್ಕೇ ದಿನಾ ಸಂಜೆ ಅವಳು ಕೂರುವಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಎಡಗಾಲು ನೋಡುತ್ತೇನೆ. ನಿನ್ನೆ ಮಡಚಿಕೊಂಡೇ ಕೂತಳು.

ಇಂತಿ,
ನಿಮ್ಮ ಹಳೆಯ ಓದುಗ